ಕುಸ್ತಿಗೆ ಬಂದವನಿಗೆ ಶಾಲು

ಹರಿಹರದಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ಚುನಾವಣೆ ಪ್ರಚಾರ, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ನನ್ನ ಸ್ಪೀಕರ್ ಡಬ್ಬಗಳು ಬಾಡಿಗೆಗೆ ಹೋಗುತ್ತವೆ. ಕುಸ್ತಿ ಇದ್ದ ಕಡೆಗೆ ಮಾತ್ರ ಡಬ್ಬಗಳ ಜೊತೆ ನಾನೂ ಹೋಗುತ್ತೇನೆ. ಅಲ್ಲಿ ಮೈಕನ್ನು ಬೇರೆಯವರ ಕೈಗೆ ಕೊಟ್ಟವನಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಈ ಸುತ್ತಿನ ಕಣಗಳಲ್ಲಿ ಪೈಲ್ವಾನರನ್ನು ಕೂಗಿ ಕರೆಯುವುದು, ಅವರ ಪಟ್ಟುಗಳನ್ನು ಜನಕ್ಕೆ ಬಿಡಿಸಿ ಹೇಳುವುದು, ಗೆದ್ದವನನ್ನು ಆಕಾಶಕ್ಕೆ ಏರಿಸುವುದು ನನ್ನದೇ ಕೆಲಸ. ನನ್ನ ಗಂಟಲಿನ ಬಗ್ಗೆ ನನಗೆ ಜಂಬ ಇಲ್ಲ ಎಂದರೆ ಸುಳ್ಳಾಗುತ್ತದೆ. "ಊಟಕ್ಕೆ ಕುಂತಾಗಾದ್ರೂ ಮೈಕ್ ಕೆಳಗಿಡ್ರಿ" ಎಂದು ಹೆಂಡತಿ ವಾರಕ್ಕೊಮ್ಮೆಯಾದರೂ ಅನ್ನುತ್ತಾಳೆ.

ಇಷ್ಟು ವರ್ಷದಲ್ಲಿ ಸೋಲುಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅವು ನನಗೆ ಬೇಸರ ತಂದಿಲ್ಲ. ಬೇಸರ ತಂದದ್ದು ಕುಸ್ತಿ ಬಿಟ್ಟುಹೋದ ಪೈಲ್ವಾನರು ತಿರುಗಿ ಬರುವುದು. ಒಬ್ಬರು ಐದು ವರ್ಷ ಪಂಚಾಯ್ತಿ ಸದಸ್ಯರಾಗಿದ್ದು, ಚೆನ್ನಾಗಿ ಉಂಡು, ಮತ್ತೆ ಲಂಗೋಟಿ ಕಟ್ಟಿದರು. ಕಣವನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಏದುಸಿರು ಬಂದು, ಎದುರಾಳಿ ಬರುವ ಮೊದಲೇ ಕುರ್ಚಿ ಕೇಳಿದರು. ಇನ್ನೊಬ್ಬರು ಎಂಟು ವರ್ಷದ ಮೇಲೆ ಬಂದವರು, ಕಣದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಲು ಬಗ್ಗಿದರು, ಬಗ್ಗಿದವರು ಬಗ್ಗಿದ ಹಾಗೇ ಇದ್ದುಬಿಟ್ಟರು. ನಾನು ಮೈಕಿನಲ್ಲಿ "ನೋಡ್ರಿ, ಮಣ್ಣಿನ ಮೇಲೆ ಎಂಥಾ ಭಕ್ತಿ!" ಎಂದು ಹೊಗಳಿದೆ, ಜನ ಚಪ್ಪಾಳೆ ತಟ್ಟಿದರು. ಪಾಪ, ಅವರಿಗೆ ಸೊಂಟ ಹಿಡಿದುಕೊಂಡಿತ್ತು. ಇಬ್ಬರು ಎತ್ತಿ ನಿಲ್ಲಿಸಬೇಕಾಯಿತು. ಇಂಥವನ್ನೆಲ್ಲ ನೆನೆದು ನಾವು ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಕ್ಕಿದ್ದೇವೆ.

ನನ್ನ ಗೆಳೆಯ ತಿರುಗಿ ಬಂದಾಗ ಮಾತ್ರ ನಗುವ ಹಾಗಿರಲಿಲ್ಲ. ಅದನ್ನು ಕೆಡಿಸಿದವನು ನಾನು.

ಗೆಳೆಯ ದಾವಣಗೆರೆಯವನು. ಹಳೇ ಪೇಟೆಯ ಕಡೆ ಅವನದು ಗಾದಿ ಅಂಗಡಿ. ಅಜ್ಜನ ಕಾಲದಿಂದ ಅರಳೆ ಹಿಂಜಿ ಗಾದಿ ಹೊಲಿಯುವ ಮನೆತನ. ಈಗ ಹಿಂಜಲು ಮಿಷನ್ ಇದೆ, ಹೊಲಿಗೆ ಮಾತ್ರ ಕೈಯಲ್ಲೇ. ನಾವಿಬ್ಬರೂ ಹುಡುಗರಾಗಿದ್ದಾಗ ಒಂದೇ ಗರಡಿಯಲ್ಲಿ ಸಾಮು ಮಾಡಿದವರು. ನಾನು ಭಾನುವಳ್ಳಿಯಿಂದ ಬಂದು ದಾವಣಗೆರೆಯಲ್ಲಿ ಓದಲು ಇದ್ದೆ. ಎರಡು ವರ್ಷದಲ್ಲಿ ನಮ್ಮ ಉಸ್ತಾದರು ಅವನಿಗೆ ಪಟ್ಟು ಕಲಿಸಿದರು, ನನಗೆ "ನೀನು ಬಾಯಿಲೇ ಬದುಕ್ತೀಯ ಹೋಗಪ" ಅಂದರು. ಅವನು ಪೈಲ್ವಾನನಾದ, ನಾನು ಅವನನ್ನು ಹೊಗಳುವವನಾದೆ. ಅವನಷ್ಟು ಒಳ್ಳೆಯ ಕುಸ್ತಿಯನ್ನು ಈ ಸೀಮೆಯಲ್ಲಿ ನಾನು ನೋಡಿಲ್ಲ. ಇದು ಮೈಕಿನ ಮಾತಲ್ಲ.

ಹನ್ನೆರಡು ವರ್ಷದ ಹಿಂದೆ ದಾವಣಗೆರೆಯ ಒಂದು ಕಣದಲ್ಲಿ ಅವನ ಎಡ ಭುಜ ಕೀಲು ಬಿಟ್ಟಿತು. ಕುಸ್ತಿ ಹಿಡಿದು ಕಾಲು ಗಂಟೆಯಾಗಿತ್ತು. ಇಬ್ಬರೂ ಬಿದ್ದಿರಲಿಲ್ಲ. ಭುಜ ಜಾರಿದ್ದನ್ನು ನೋಡಿ ಎದುರಾಳಿ ತಾನೇ ಹಿಡಿತ ಬಿಟ್ಟ, ತೀರ್ಪು ಕೊಡುವ ಪಂಚರು ತನ್ನ ಕೈ ಎತ್ತಲು ಬಂದರೆ "ಬ್ಯಾಡ" ಅಂದ. ನಾಲ್ಕು ಜನ ಗೆಳೆಯನನ್ನು ಎತ್ತಿ ಆಟೋಕ್ಕೆ ಹಾಕಿದರು. ಅವನು ಸೋಲಲೂ ಇಲ್ಲ, ಗೆಲ್ಲಲೂ ಇಲ್ಲ. ಡಾಕ್ಟರು ಇನ್ನು ಕುಸ್ತಿ ಸಾಕು ಎಂದರು. ಅವನು ತಲೆಯಾಡಿಸಿ ಗಾದಿ ಹೊಲಿಯಲು ಕೂತ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಸಂಜೆ ಅವನ ಮನೆಯಲ್ಲಿದ್ದೆ. ಕಾಲೇಜಿಗೆ ಹೋಗುವ ಅವನ ಮಗಳು ಮೊಬೈಲಿನಲ್ಲಿ ಹೊರದೇಶದ ಕುಸ್ತಿ ತೋರಿಸುತ್ತಿದ್ದಳು. ಅದೇ, ಅರ್ಧ ಕುಸ್ತಿ, ಅರ್ಧ ನಾಟಕ. ಹತ್ತು ವರ್ಷದ ಹಿಂದೆ ಬಿಟ್ಟುಹೋಗಿದ್ದ ದೊಡ್ಡ ಪೈಲ್ವಾನನೊಬ್ಬ ಅವತ್ತು ತಿರುಗಿ ಬರುತ್ತಿದ್ದ. ಮೊದಲು ಹಾಡು ಬಂತು, ಆಮೇಲೆ ಹೊಗೆ ಬಂತು, ಬೆಂಕಿ ಬಂತು, ಎಲ್ಲ ಬಂದಾದ ಮೇಲೆ ಆ ಮನುಷ್ಯ ಬಂದ. ಎದುರಿಗಿದ್ದವನನ್ನು ತಲೆಯ ಮೇಲೆ ಎತ್ತಲು ಹೋದ. ಆಗಲಿಲ್ಲ. ಇಬ್ಬರೂ ಒಟ್ಟಿಗೆ ಕುಸಿದರು. ಅಷ್ಟು ಜನ ಕೂಗುತ್ತಿದ್ದವರು ಸುಮ್ಮನಾಗಿಬಿಟ್ಟರು.

ಮಗಳು ನಕ್ಕಳು. ನಾನೂ ನಕ್ಕೆ. ಗೆಳೆಯ ನಗಲಿಲ್ಲ. "ಎಷ್ಟು ವಯಸ್ಸು ಅವನಿಗೆ?" ಎಂದು ಕೇಳಿದ.

"ಐವತ್ತು ದಾಟೈತೆ ಅಬ್ಬಾ," ಅಂದಳು ಮಗಳು ಅಪ್ಪನ ಕಡೆ ತಿರುಗಿ.

"ಮುಗಿಸೋಕೆ ಬಂದಾನೆ. ಅದ್ರಾಗೆ ನಗೋದೇನೈತೆ?" ಎಂದು ಎದ್ದು ಹೋದ.

ಒಂದು ವಾರದ ಮೇಲೆ ಅವನ ಹೆಂಡತಿಯ ಫೋನು. ನಾನು ಅವರನ್ನು ಬಾಬಿ ಅನ್ನುತ್ತೇನೆ, ಅವರು ನನ್ನನ್ನು ಅಣ್ಣ ಅನ್ನುತ್ತಾರೆ. "ಅಣ್ಣಾ, ಇವ್ರು ನಾಷ್ಟಾ ಮಾಡ್ದೆ ಬೆಳಿಗ್ಗೆ ಎಲ್ಲಿಗೋ ಹೋಗ್ತಾರ್ರಿ. ಬರೋವಾಗ ಕಿವ್ಯಾಗೆಲ್ಲ ಕೆಂಪು ಮಣ್ಣು," ಅಂದರು. ನನಗೆ ಅರ್ಥವಾಯಿತು. ಮರುದಿನ ಬೆಳಿಗ್ಗೆ ಬೈಕ್ ತೆಗೆದುಕೊಂಡು ದಾವಣಗೆರೆಯ ಗರಡಿಗೆ ಹೋದರೆ, ಅವನು ಸಲಿಕೆ ಹಿಡಿದು ಕುಸ್ತಿ ಆಡುವ ಮಟ್ಟಿಯ ಮಣ್ಣು ಅಗೆದು ಹದ ಮಾಡುತ್ತಿದ್ದ. ಗರಡಿಯಲ್ಲಿ ಹೊಸದಾಗಿ ಸೇರಿದವರು ಮಾಡುವ ಕೆಲಸ ಅದು.

ಹೊರಗೆ ಕಟ್ಟೆಯ ಮೇಲೆ ಕೂತು ಬೈದೆ. ನಲವತ್ತಾರು ವಯಸ್ಸು, ಕೆಟ್ಟ ಭುಜ, ಮದುವೆಗೆ ಬಂದ ಮಗಳು, ಏನು ಹುಚ್ಚು ಹಿಡಿದಿದೆ ಎಂದು ಕೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಬಾಯಿ ಮುಗೀತಾ?" ಅಂದ. "ಈಗ ಕೇಳು. ನಂಗೆ ಗೆಲ್ಲೋದು ಬ್ಯಾಡ. ಗದೆ ಬ್ಯಾಡ. ಅವತ್ತಿನ ಕುಸ್ತಿ ಅರ್ಧಕ್ಕೆ ನಿಂತೈತೆ. ಹನ್ನೆರಡು ವರ್ಷ ಆತು, ದಿನಾ ಅದನ್ನೇ ಹಿಡೀತಿದೀನಿ, ಸೂಜಿ ಕೈಯಾಗಿದ್ರೂ ಅದೇ. ಒಂದು ಕುಸ್ತಿ ಪೂರಾ ಹಿಡೀಬೇಕು. ಯಾರಾದ್ರೂ ನನ್ನ ಬೆನ್ನು ಮಣ್ಣಿಗೆ ಹಚ್ಚಲಿ, ಎದ್ದು ನಡ್ಕೊಂಡು ಮನೀಗೆ ಹೋಗ್ತೀನಿ. ಅಷ್ಟೇ."

ಭುಜದ ಗತಿ ಏನು ಎಂದೆ. ಡಾಕ್ಟರಿಗೆ ತೋರಿಸಿದ್ದನಂತೆ. ಆರು ತಿಂಗಳು ವ್ಯಾಯಾಮ ಮಾಡಿ ತೋರಿಸು, ಆಮೇಲೆ ನೋಡೋಣ ಎಂದಿದ್ದರಂತೆ. ಅವನು ಯಾರಿಗೂ ಹೇಳದೆ ಅದನ್ನೂ ಮುಗಿಸಿದ್ದ. ಡಾಕ್ಟರು ಕೈ ತಿರುಗಿಸಿ, ಎಳೆದು ನೋಡಿ, ಒಂದೇ ಒಂದು ಕುಸ್ತಿ ಎಂದು ಬೆರಳು ತೋರಿಸಿದ್ದರಂತೆ. ಅಂದರೆ ಮೊಬೈಲ್ ನೋಡಿದ ಮೇಲೆ ಹುಟ್ಟಿದ ಆಸೆ ಅಲ್ಲ ಅದು, ಅದಕ್ಕೂ ಮುಂಚಿನಿಂದಲೇ ಒಳಗೊಳಗೆ ಕುದಿಯುತ್ತಿತ್ತು. ನನಗೆ ಹೇಳಿರಲಿಲ್ಲ ಎಂಬುದಕ್ಕೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ನನಗೆ ಹೇಳಿದ್ದರೆ ಸಂಜೆಯೊಳಗೆ ಹರಿಹರಕ್ಕೆಲ್ಲ ಗೊತ್ತಾಗುತ್ತಿತ್ತು.

ಹರಿಹರದಲ್ಲಿ ಹೊಳೆಯ ಕಡೆ ಬಯಲಿನಲ್ಲಿ ಚಳಿಗಾಲಕ್ಕೆ ಒಂದು ಕುಸ್ತಿ ಇತ್ತು. ನಮ್ಮ ಕಡೆ ಕಣಗಳಲ್ಲಿ ಒಂದು ಪದ್ಧತಿ ಇದೆ. ಮೊದಲೇ ಗೊತ್ತು ಮಾಡಿದ ಜೋಡಿಗಳು ಮುಗಿದ ಮೇಲೆ ಯಾರು ಬೇಕಾದರೂ ಬಲಗೈ ಮೇಲೆತ್ತಿ ಕಣ ಸುತ್ತಬಹುದು. ಅವನೊಡನೆ ಹಿಡಿಯಲು ಮನಸ್ಸಿದ್ದವನು ಒಳಗೆ ಬಂದು ಎತ್ತಿದ ಕೈಯನ್ನು ಹಿಡಿಯುತ್ತಾನೆ. ಹಿಡಿದರೆ ಜೋಡಿಯಾಯಿತು, ಹಲಗೆ ಬಾರಿಸುತ್ತಾರೆ. ಯಾರೂ ಹಿಡಿಯದಿದ್ದರೆ ಕೈ ಇಳಿಸಿ ಹೊರಗೆ ಬರಬೇಕು. ಗೆಳೆಯ ಹೀಗೇ ಬರುತ್ತೇನೆ ಎಂದ. ನಲವತ್ತಾರರ ಮನುಷ್ಯನಿಗೆ ಜೋಡಿ ಕೊಡಿ ಎಂದು ಯಾವ ಗರಡಿಯ ಬಾಗಿಲಿಗೂ ಹೋಗಿ ಕೇಳುವುದು ಅವನಿಗೆ ಬೇಕಿರಲಿಲ್ಲ.

ಅವತ್ತು ಅವನು ಲಂಗೋಟಿ ಕಟ್ಟಿ ಕಣಕ್ಕಿಳಿದ. ಹೊಟ್ಟೆ ಕರಗಿತ್ತು, ತೊಡೆ ಗಟ್ಟಿಯಾಗಿತ್ತು, ಗಡ್ಡದಲ್ಲಿ ಬಿಳಿ ಕೂದಲು. ಬಲಗೈ ಎತ್ತಿ ನಡೆಯತೊಡಗಿದ. ನಾನು ಮೈಕ್ ಹಿಡಿದೆ. ಅಲ್ಲಿಂದ ಮುಂದೆ ನನಗೆ ಲಗಾಮೇ ಇರಲಿಲ್ಲ. "ದಾವಣಗೆರೆಯ ಹುಲಿ" ಅಂದೆ. "ಗರಡಿಗಳ ಕಿರೀಟ" ಅಂದೆ. ಅವನು ಹಿಂದೆ ಯಾವ ಯಾವ ಊರಲ್ಲಿ ಯಾರು ಯಾರನ್ನು ಚಿತ್ ಮಾಡಿದ್ದ ಎಂದು ಪಟ್ಟಿ ಓದಿದೆ. "ಇಲ್ಲಿ ಕುಂತಿರೋ ಪ್ರತಿಯೊಬ್ಬ ಪೈಲ್ವಾನನಿಗೂ ಇವರು ಗುರುವಿನ ಸಮಾನ, ತಂದೆಯ ಸಮಾನ" ಅಂದೆ. ಅದೂ ಸಾಲದೆ, ಎಲ್ಲರೂ ಎದ್ದು ನಿಂತು ಗೌರವ ತೋರಿಸಬೇಕು ಎಂದೆ. ಎಲ್ಲರೂ ಎದ್ದು ನಿಂತರು, ಶೋಕಸಭೆಯಲ್ಲಿ ನಿಲ್ಲುವ ಹಾಗೆ.

ಒಬ್ಬ ಎತ್ತರದ ಪೈಲ್ವಾನ ಒಳಗೆ ಬಂದ. ಗೆಳೆಯನ ಮುಖ ಅರಳಿದ್ದನ್ನು ನಾನು ಮೈಕಿನ ಹತ್ತಿರದಿಂದಲೇ ಕಂಡೆ. ಬಂದವನು ಕೈ ಹಿಡಿಯಲಿಲ್ಲ. ಬಗ್ಗಿ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಹಿಂದೆ ಇನ್ನೊಬ್ಬ ಬಂದು ಕಾಲು ಮುಟ್ಟಿದ. ನೋಡುನೋಡುತ್ತ ಸಾಲೇ ಹತ್ತಿತು. ಇಬ್ಬರು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಗೆಳೆಯ ಅಷ್ಟು ಹೊತ್ತೂ ಎತ್ತಿದ ಕೈ ಇಳಿಸಿರಲಿಲ್ಲ. ಯಾರೊಬ್ಬನೂ ಆ ಕೈಯ ಕಡೆ ನೋಡಲಿಲ್ಲ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಕುಸ್ತಿ ಕಮಿಟಿಯ ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಾ ನನ್ನ ಕಿವಿಯಲ್ಲಿ, "ಇಂಥೋರಿಗೆ ಒಂದು ಸನ್ಮಾನ ಆಗ್ಬೇಕಲ್ರಿ" ಅಂದರು. ನಾನು ತಡ ಮಾಡದೆ ಅದನ್ನೂ ಕೂಗಿದೆ. ನಮ್ಮ ಕಡೆ ಯಾರಿಗಾದರೂ ಪ್ರೀತಿ ಉಕ್ಕಿದರೆ ಮೊದಲು ಹುಡುಕುವುದು ಶಾಲನ್ನು. ಬಾರದ ಅತಿಥಿಯೊಬ್ಬರಿಗೆ ತಂದಿಟ್ಟಿದ್ದ ಶಾಲು, ಪೇಟ ಸಿದ್ಧವಾಗಿಯೇ ಇದ್ದವು. ಬರಿಮೈಗೆ ಶಾಲು ಹೊದಿಸಿದರು, ತಲೆಗೆ ಪೇಟ ಇಟ್ಟರು, ಎತ್ತಿದ ಬಲಗೈಯನ್ನು ಅವರೇ ಕೆಳಗಿಳಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಸೇಬು, ಮೂಸಂಬಿ, ಅವುಗಳ ನಡುವೆ ಒಂದು ಅನಾನಸು. ಲಂಗೋಟಿಯಲ್ಲಿ ನಿಂತ ನನ್ನ ಗೆಳೆಯ ಪೇಟ ತೊಟ್ಟು ಬುಟ್ಟಿ ಹಿಡಿದು ಫೋಟೋಕ್ಕೆ ನಿಂತ. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ನಾನು ಇಷ್ಟು ಚೆನ್ನಾಗಿ ಯಾವತ್ತೂ ಮಾತಾಡಿಲ್ಲ ಎಂದು ಮನಸ್ಸಿನಲ್ಲೇ ಬೀಗಿದೆ.

ಕುಸ್ತಿ ಮುಗಿದ ಮೇಲೆ ಪೆಂಡಾಲಿನ ಹಿಂದೆ ಹೋದೆ. ಅವನು ಅಂಗಿ ಹಾಕಿಕೊಂಡು ಕೂತಿದ್ದ. ಶಾಲನ್ನು ಮಡಿಸಿ ಪಕ್ಕಕ್ಕಿಟ್ಟಿದ್ದ. ನಾನು ಹಲ್ಲು ಕಿರಿದು, "ಹೆಂಗಿತ್ತು?" ಎಂದೆ.

ಅವನು ತಲೆ ಎತ್ತದೆ ಹೇಳಿದ. "ಲೇ, ಚಾದರ ಹೊದಿಸೋದು ದರ್ಗಾದಾಗ, ಗೋರಿಗೆ. ಉಸಿರಾಡೋ ಮನುಷ್ಯಂಗೆ ಹೊದಿಸಿಬಿಟ್ಯಲ್ಲೋ."

ಆಮೇಲೆ ಐದು ವಾರ ನನ್ನೊಡನೆ ಮಾತಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಮೊದಮೊದಲು ನನಗೂ ರೋಷ. ಊರಿಗೆ ಊರೇ ಎದ್ದು ನಿಲ್ಲುವ ಹಾಗೆ ಮಾಡಿದೆ, ಇವನಿಗೆ ಇನ್ನೇನು ಬೇಕಂತೆ ಎಂದು ಹೆಂಡತಿಯ ಮುಂದೆ ಹಾರಾಡಿದೆ. ಅವಳು ಪಾತ್ರೆ ತೊಳೆಯುತ್ತಾ, "ಅವ್ರು ಕೇಳಿದ್ದು ಕುಸ್ತಿ. ನೀವು ಕೊಟ್ಟಿದ್ದು ಅನಾನಸು," ಅಂದಳು.

ಆರನೇ ವಾರ ಬಾಬಿಯೇ ಅಂಗಡಿಗೆ ಬಂದರು. ಹರಿಹರದಲ್ಲಿ ನೆಂಟರ ಮನೆಗೆ ಬಂದಿದ್ದರಂತೆ. ಕುರ್ಚಿ ಕೊಟ್ಟು "ಕೂಡ್ರಿ ಬಾಬಿ" ಎಂದರೂ ಕೂರಲಿಲ್ಲ.

"ಅಣ್ಣಾ, ನಂಗೆ ಈ ಕುಸ್ತಿ ಮೊದ್ಲಿಂದ್ಲೂ ಬ್ಯಾಡಾಗಿತ್ತು. ನಿಮ್ಗೆ ಗೊತ್ತೈತೆ. ಈಗ ನಾನೇ ಹೇಳ್ತೀನಿ, ಒಂದು ಕುಸ್ತಿ ಕೊಡಿಸ್ರಿ ಇವ್ರಿಗೆ. ಅವತ್ತಿಂದ ಗರಡಿಗೆ ಹೋಗಿಲ್ಲ. ಯಾರಾದ್ರೂ ಗಾದಿ ತಗಣಾಕೆ ಬಂದೋರು ಸಲಾಂ ಮಾಡಿದ್ರೂ ಮುಖ ತಿರುಗಿಸ್ತಾರೆ. ಭುಜ ಹೋದಾಗ್ಲೂ ಹಿಂಗೆ ಇರ್ಲಿಲ್ಲ ಈ ಮನುಷ್ಯ."

ಬಾಬಿ ಹೋದ ಮೇಲೆ ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತು ಅತ್ತೆ. ಎಲ್ಲರ ಮುಂದೆ ಗೆಳೆಯನನ್ನು ದೊಡ್ಡವನನ್ನಾಗಿ ಮಾಡಲು ಹೋಗಿ, ಅವನು ಜೀವಮಾನದಲ್ಲಿ ಕೇಳಿದ ಒಂದೇ ಒಂದನ್ನು ನಾನು ಕಿತ್ತುಕೊಂಡಿದ್ದೆ.

ಮರುದಿನ ನಮ್ಮ ಉಸ್ತಾದರ ಬಳಿಗೆ ಹೋದೆ. ಎಂಬತ್ತರ ಹತ್ತಿರ ವಯಸ್ಸು, ಈಗಲೂ ಬೆಳಿಗ್ಗೆ ಗರಡಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಎಲ್ಲರನ್ನೂ ಬೈಯುತ್ತಾರೆ. "ಅವನ ಕೈ ಹಿಡಿಯೋ ಒಬ್ಬನ್ನ ಕೊಡ್ರಿ ಉಸ್ತಾದ್ರೇ, ನಾನೇ ಹೋಗಿ ಮಾತಾಡಿ ಒಪ್ಪಿಸ್ತೀನಿ" ಎಂದು ಕೇಳಿಕೊಂಡೆ.

"ಒಪ್ಪಿಸಿ ತಂದೋನು ಒಪ್ಪಿಸಿದಂಗೆ ಹಿಡೀತಾನೆ," ಎಂದರು. "ಬಿದ್ರೂ ಸುಳ್ಳು, ಗೆದ್ರೂ ಸುಳ್ಳು. ಆ ಗಾದಿಯೋನಿಗೆ ಕುತ್ತಿಗೆ ಮೇಲೆ ಕೈ ಇಟ್ಟ ತಕ್ಷಣ ಗೊತ್ತಾಗ್ತೈತೆ. ಹುಡುಗ್ರದ್ದೇನೂ ತಪ್ಪಿಲ್ಲ. ನಿನ್ನ ಬಾಯಿ ಕೇಳಿ ಕೇಳಿ ಅವನು ದೇವ್ರಾಗ್ಯಾನೆ. ದೇವ್ರ ಮೇಲೆ ಯಾರು ಕೈ ಮಾಡ್ತಾರೆ? ಮೊದ್ಲು ಅವನ್ನ ಕೆಳಗಿಳಿಸು."

ಅಲ್ಲಿಂದ ನೇರ ಗಾದಿ ಅಂಗಡಿಗೆ ಹೋದೆ. ಗೆಳೆಯ ಒಂದು ದೊಡ್ಡ ಗಾದಿಗೆ ಅರಳೆ ತುಂಬುತ್ತಿದ್ದ. ನನ್ನನ್ನು ನೋಡಿ ಸುಮ್ಮನೆ ತನ್ನ ಕೆಲಸ ನೋಡಿಕೊಂಡ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಟ್ಟೆಯ ಇನ್ನೊಂದು ಅಂಚು ಹಿಡಿದೆ. ಅವನು ಬಿಡು ಎನ್ನಲಿಲ್ಲ. ಅರ್ಧ ಗಂಟೆ ಹಾಗೆ ಹಿಡಿದುಕೊಂಡು ನಿಂತೆ. ನನ್ನ ಮೂಗು, ಮೀಸೆ ಎಲ್ಲ ಅರಳೆ. ಕೊನೆಗೆ ಒಂದು ಸೀನು ಬಂತು, ಅವನಿಗೆ ನಗು ತಡೆಯಲಾಗಲಿಲ್ಲ.

"ತಪ್ಪಾತಪ," ಎಂದೆ. "ನಾನೇ ಕೆಡಿಸಿದ್ದು."

"ಗೊತ್ತಾತಲ್ಲ, ಬಿಡು."

"ನಮ್ಮೂರು ಭಾನುವಳ್ಳಿಯಾಗೆ ಭತ್ತ ಕೊಯ್ದಾದ ಮೇಲೆ ಕಾಲುವೆ ಪಕ್ಕದ ಗದ್ದೆಯಾಗೆ ಕುಸ್ತಿ ಇಟ್ಟಾರೆ. ಒಂದ್ಸಲ ಬಾ. ಮೈಕ್ ಮುಟ್ಟಲ್ಲ ನಾನು."

ಅವನು ತನ್ನ ದಬ್ಬಣದಂಥ ಸೂಜಿಗೆ ದಾರ ಪೋಣಿಸಿದ. ಆಮೇಲೆ ಬಿಲ್ ಪುಸ್ತಕದ ಒಂದು ಹಾಳೆ ಹರಿದು ನಾಲ್ಕು ಸಾಲು ಬರೆದು ನನ್ನ ಕೈಗಿಟ್ಟ. "ಮೈಕ್ ನೀನೇ ಹಿಡಿ. ಇಷ್ಟು ಓದು. ಇದರ ಮೇಲೆ ಒಂದು ಮಾತು ಬಂದ್ರೆ ಅಲ್ಲಿಂದ್ಲೇ ಎದ್ದು ಹೋಗ್ತೀನಿ."

ಭಾನುವಳ್ಳಿಯ ಕುಸ್ತಿ ದೊಡ್ಡದೇನಲ್ಲ. ಒಣಗಿದ ಗದ್ದೆಯಲ್ಲಿ ಮಣ್ಣು ಸಡಿಲಿಸಿ, ಸುತ್ತ ಹಗ್ಗ ಕಟ್ಟಿದ್ದರು. ಮಧ್ಯಾಹ್ನ ಮೂರರ ಬಿಸಿಲು. ಬೆನ್ನಿಗೆ ಕಾಲುವೆ, ಅದರ ದಂಡೆಯ ಮೇಲೂ ಜನ. ಗೊತ್ತು ಮಾಡಿದ ಜೋಡಿಗಳು ಮುಗಿದವು. ಗೆಳೆಯ ಮಣ್ಣು ಹಣೆಗೆ ಹಚ್ಚಿಕೊಂಡು ಬಲಗೈ ಎತ್ತಿದ. ನಾನು ಹಾಳೆ ಬಿಡಿಸಿ ಓದಿದೆ. "ದಾವಣಗೆರೆಯಿಂದ ಬಂದಿದ್ದಾರೆ. ಗಾದಿ ಕೆಲಸ. ವಯಸ್ಸು ನಲವತ್ತಾರು. ತೂಕ ಎಂಬತ್ತೆರಡು." ಇಷ್ಟು ಚಿಕ್ಕದಾಗಿ ನಾನು ಯಾರನ್ನೂ ಪರಿಚಯಿಸಿದ್ದಿಲ್ಲ. ನಾಲಿಗೆ ಬಾಯಲ್ಲೇ ಹೊರಳಾಡಿತು.

ಅವನು ಒಂದು ಸುತ್ತು ನಡೆದ. ಯಾರೂ ಬರಲಿಲ್ಲ. ಹರಿಹರದ ಸನ್ಮಾನದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು. ಎರಡನೇ ಸುತ್ತಿನಲ್ಲಿ ಒಬ್ಬ ಒಳಗೆ ಬಂದ. ಬಂದವನು ಸೊಂಟ ಬಗ್ಗಿಸಿದ. ಗೆಳೆಯ ಬೆಂಕಿ ತಾಗಿದವನಂತೆ ಕಾಲು ಹಿಂದಕ್ಕೆಳೆದುಕೊಂಡ. ಬಂದವನ ಹಿಂದೆ ಇನ್ನಿಬ್ಬರು ಕಾಲು ಮುಟ್ಟಲು ಸಾಲು ನಿಂತಿದ್ದರು. ಗೆಳೆಯ ನನ್ನ ಕಡೆ ನೋಡಿದ. ಹನ್ನೆರಡು ವರ್ಷದ ಹಿಂದೆ ಆಟೋದಲ್ಲಿ ಮಲಗಿಸಿದಾಗಲೂ ಆ ಮುಖ ಹಾಗೆ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹಾಳೆ ಜೇಬಿಗೆ ಹಾಕಿ ಮೈಕ್ ಬಾಯಿಗೆ ತಂದೆ. ಎದ್ದು ಹೋದರೆ ಹೋಗಲಿ ಎಂದುಕೊಂಡೆ.

"ಕೇಳ್ರಿ ಇಲ್ಲಿ," ಅಂದೆ. "ಈತ ಹುಲಿ ಅಲ್ಲ. ಹರಿಹರದಾಗೆ ನಾನು ಹೇಳಿದ್ದೆಲ್ಲ ನನ್ನ ಬಾಯಿಚಪಲ. ಎಡಗಡೆ ಭುಜ ಒಮ್ಮೆ ಕೀಲು ಬಿಟ್ಟೈತೆ, ಬಲಗಾಲು ಮೊದ್ಲಿನಷ್ಟು ಬೇಗ ಬರಲ್ಲ. ಹನ್ನೆರಡು ವರ್ಷದಿಂದ ಕುಸ್ತಿ ಹಿಡಿದಿಲ್ಲ. ಕುಸ್ತಿ ಹಿಡಿಯಾಕೆ ಬಂದಾನೆ, ಆಶೀರ್ವಾದ ಮಾಡಾಕೆ ಅಲ್ಲ. ನಿಮಗೆ ಈತನ ಮೇಲೆ ಮರ್ಯಾದಿ ಐತಾ? ಹಂಗಾದ್ರೆ ಕಾಲು ಮುಟ್ಟಬ್ಯಾಡ್ರಿ, ಕೈ ಹಿಡೀರಿ!"

ಪೈಲ್ವಾನನ ಕೆಟ್ಟ ಭುಜ ಯಾವುದು ಎಂದು ಮೈಕಿನಲ್ಲಿ ಹೇಳುವುದು ನಮ್ಮಲ್ಲಿ ಮಾಡಬಾರದ ಕೆಲಸ. ದಂಡೆಯ ಮೇಲಿದ್ದ ಹಿರಿಯರೊಬ್ಬರು ನನಗೆ ಕೇಳುವ ಹಾಗೇ "ಥೂ" ಎಂದರು. ಗೆಳೆಯ ಅಲ್ಲೇ ನಿಂತಿದ್ದ. ಹೋಗಲಿಲ್ಲ. ಕೈಯನ್ನು ಇನ್ನೂ ಒಂದು ಗೇಣು ಮೇಲೆತ್ತಿದ.

ಆನಗೋಡಿನ ಕಡೆಯ ಒಬ್ಬ ಯುವಕ ಹಗ್ಗ ದಾಟಿ ಬಂದ. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿರಬೇಕು. ಆಗಲೇ ಅವತ್ತು ಒಂದು ಕುಸ್ತಿ ಗೆದ್ದಿದ್ದ. ನಗದೆ, ನಮಸ್ಕಾರ ಮಾಡದೆ ನೇರ ನಡೆದು ಬಂದು ಎತ್ತಿದ ಕೈಯನ್ನು ಬಿಗಿಯಾಗಿ ಹಿಡಿದ. ಹಲಗೆಯವರು ಬಾರಿಸತೊಡಗಿದರು.

ಆಮೇಲೆ ನಾನು ಮಾತಾಡಲಿಲ್ಲ. ಇಬ್ಬರೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ತಲೆಗೆ ತಲೆ ಕೊಟ್ಟು ತಳ್ಳಿದರು. ಆ ಯುವಕ ನಿಜವಾಗಿ ತಳ್ಳುತ್ತಿದ್ದ. ಗೆಳೆಯನ ಕಾಲು ಮಣ್ಣಿನಲ್ಲಿ ಗೆರೆ ಕೊರೆಯುತ್ತಾ ಹಿಂದಕ್ಕೆ ಬಂತು, ಅವನ ಮುಖದಲ್ಲಿ ಮಾತ್ರ ಸಂತೋಷ ಎದ್ದು ಕಾಣುತ್ತಿತ್ತು. ಮೂರನೇ ನಿಮಿಷಕ್ಕೆ ಒಳಗೆ ನುಗ್ಗಿ ಸೊಂಟ ಹಿಡಿದು ಯುವಕನನ್ನು ಎತ್ತಿ ಒಗೆದ. ಜನ ಎದ್ದು ಕೂಗಿದರು. ಯುವಕ ಗಾಳಿಯಲ್ಲೇ ತಿರುಗಿ ಹೊಟ್ಟೆಯ ಮೇಲೆ ಬಿದ್ದ, ಬೆನ್ನು ಮಣ್ಣಿಗೆ ಹತ್ತಲಿಲ್ಲ. ಮತ್ತೆ ಎದ್ದು ಹಿಡಿದರು. ಈಗ ಯುವಕ ಗೆಳೆಯನ ಎಡಗಡೆಗೇ ಹೋದ. ನಾನು ತೋರಿಸಿಕೊಟ್ಟಿದ್ದ ಎಡಗಡೆಗೆ. ಆ ತೋಳನ್ನು ತಿರುವಿ ಎಳೆದಾಗ ನಾನು ಕಣ್ಣು ಮುಚ್ಚಿಕೊಂಡೆ. ಏನಾದರೂ ಆದರೆ ಬಾಬಿಗೆ ಯಾವ ಮುಖ ತೋರಿಸಲಿ ಎಂಬುದೊಂದೇ ಯೋಚನೆ. ಕಣ್ಣು ತೆರೆದರೆ ಭುಜ ಗಟ್ಟಿಯಾಗಿ ನಿಂತಿತ್ತು. ಗೆಳೆಯ ಆ ಹಿಡಿತ ಬಿಡಿಸಿಕೊಂಡು ಹೊರಗೆ ಬಂದು, ಎಡಗೈಯನ್ನು ಒಮ್ಮೆ ಜಾಡಿಸಿ, ಬಾ ಎಂದು ಕರೆದ.

ಒಂಬತ್ತನೇ ನಿಮಿಷಕ್ಕೆ ಅವನು ಮತ್ತೊಮ್ಮೆ ಎತ್ತಲು ಹೋದ. ಯುವಕ ಇವನ ಬಲಗಾಲಿಗೆ ಕಾಲು ಕೊಟ್ಟು ಮೈ ತಿರುಗಿಸಿದ. ಎಂಬತ್ತೆರಡು ಕಿಲೋ ಮಣ್ಣಿಗೆ ಬಿದ್ದ ಸದ್ದು ನನ್ನ ಮೈಕಿಗೂ ಕೇಳಿಸಿ ಡಬ್ಬಗಳಲ್ಲಿ ಧಪ್ ಎಂದಿತು. ಎರಡೂ ಭುಜ ನೆಲಕ್ಕೆ ಹತ್ತಿದ್ದವು. ಪಂಚರು ಬಗ್ಗಿ ನೋಡಿ ಯುವಕನ ಬೆನ್ನು ತಟ್ಟಿದರು. ಚಿತ್.

ಗೆಳೆಯ ಒಂದು ಗಳಿಗೆ ಆಕಾಶ ನೋಡುತ್ತಾ ಮಲಗಿದ್ದ. ಎದೆ ಏರಿ ಇಳಿಯುತ್ತಿತ್ತು. ನಾನು ಮೈಕ್ ಎಸೆದು ಓಡಿದೆ. ಅಷ್ಟರಲ್ಲಿ ಅವನೇ ಎದ್ದು ಕೂತ, ಬಾಯಲ್ಲಿದ್ದ ಮಣ್ಣು ಉಗುಳಿದ. "ಆತಪ, ಮುಗೀತು," ಎಂದೆ ನಾನು. ಅಳು ಬರುತ್ತಿತ್ತು. "ಪೂರಾ ಹಿಡಿದೆ. ನಡಿ, ಮನೀಗೆ ಹೋಗೋಣ."

ಅವನಿಗೆ ನನ್ನ ಮಾತು ಕೇಳಿಸಲೇ ಇಲ್ಲ. ಗೆದ್ದ ಯುವಕನನ್ನು ಜನ ಹೆಗಲ ಮೇಲೆ ಎತ್ತಿಕೊಳ್ಳುವುದರಲ್ಲಿದ್ದರು. ಗೆಳೆಯ ಅವರ ನಡುವೆ ಕೈ ತೂರಿಸಿ ಅವನನ್ನು ಕೆಳಗೆಳೆದುಕೊಂಡ.

"ತಡಿಯಪ, ತಡಿ. ನಾನೆಲ್ಲಿ ತಪ್ಪಿದೆ?"

ಯುವಕ ಗಲಿಬಿಲಿಯಾಗಿ ಸುತ್ತ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ಎತ್ತೋಕೆ ಮುಂಚೆ ಭಾರ ಪೂರಾ ಬಲಗಾಲಿನ ಮೇಲೆ ಬಿಟ್ರಿ ನೀವು. ಕಾಲು ಇನ್ನೊಂದು ಸ್ವಲ್ಪ ಒಳಗೆ ಇಟ್ಟಿದ್ರೆ ನಾನೇ ಬೀಳ್ತಿದ್ದೆ."

"ಎಲ್ಲಿ? ಹೆಂಗೆ?"

ಮುಂದಿನವನು ಕೈ ಎತ್ತಿಕೊಂಡು ಕಣದಲ್ಲಿ ಕಾಯುತ್ತಿದ್ದ. ಕಮಿಟಿಯವರು ಜಾಗ ಬಿಡಿ ಎಂದು ಕೂಗುತ್ತಿದ್ದರು. ಮುಗಿಸಲೆಂದೇ ಬಂದಿದ್ದ ನನ್ನ ಗೆಳೆಯ ಬಲಗಾಲನ್ನು ಒಂದು ಗೇಣು ಒಳಗೆ ಸರಿಸಿ ಊರಿ ನಿಂತ, ಯುವಕನ ಕೈಯನ್ನು ತಾನೇ ಎತ್ತಿ ತನ್ನ ಕುತ್ತಿಗೆಯ ಮೇಲೆ ಇಟ್ಟುಕೊಂಡ.

"ಹಿಂಗಾ? ಇನ್ನೊಂದ್ಸಲ ಹಿಡಿ," ಎಂದ.